ಮುತ್ಯಾ ಸಿಕ್ಕ, ಆಯಿ ಸಿಗಲಿಲ್ಲ: ವಿಜಯಪುರ ಸೀಮೆಯಲ್ಲಿ ಸಾಮಾನ್ಯರ ಪೂರ್ವಜಶೋಧ

ವಿಜಯಪುರದ ತಹಶೀಲ್ದಾರ ಕಚೇರಿಗೆ ಹೋದವರು ಈ ನೋಟವನ್ನು ನೋಡಿರುತ್ತಾರೆ. ಕೈಯಲ್ಲಿ ಸರ್ವೆ ನಂಬರು ಬರೆದ ಚೀಟಿ, ಚೀಲದಲ್ಲಿ ನಾಲ್ಕು ಮಡಿಕೆಯಾದ ಹಳೆಯ ಉತಾರ, ಬಾಯಲ್ಲಿ ಒಂದೇ ಮಾತು: ‘ನಮ್ಮ ಮುತ್ಯಾನ ಹೆಸರಿನ ಡೈರಿ ಬೇಕಾಗೇತ್ರಿ.’ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ, ಬಬಲೇಶ್ವರದ ಜೋಳದ ರೈತ, ಪುಣೆಯಲ್ಲಿ ಕೆಲಸಕ್ಕಿದ್ದು ರಜೆ ಹಾಕಿ ಬಂದ ಹುಡುಗ ಎಲ್ಲರೂ ಆ ಸಾಲಿನಲ್ಲಿರುತ್ತಾರೆ. ಹೆಚ್ಚಿನವರಿಗೆ ಬೇಕಾದದ್ದು ಹೊಲದ ಹಕ್ಕು, ವಾಟ್ನಿಯ (ಪಾಲುಹಂಚಿಕೆಯ) ಲೆಕ್ಕ, ಇಲ್ಲವೆ ಜಾತಿ ಸಿಂಧುತ್ವಕ್ಕೆ ಆಧಾರ. ಆದರೆ ಡೈರಿ, ಅಂದರೆ ಹಕ್ಕು ಬದಲಾವಣೆಯ ನೋಂದಣಿ, ಕೈಗೆ ಬಂದ ಮೇಲೆ ಅದರಲ್ಲಿ ಕಾಣುವುದು ಹೊಲವೊಂದೇ ಆಗಿರುವುದಿಲ್ಲ. ‘ಸದರಿ ಇಸಮು ಮಯತ ಆಗಿದ್ದರಿಂದ ವಾರಸಾ ಪ್ರಕಾರ’ ಎಂಬ ಅರ್ಧ ಸಾಲಿನಲ್ಲಿ ಒಂದು ಸಾವು, ಒಂದು ಮನೆ, ಮೂರು ಮಕ್ಕಳ ಹೆಸರು ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ಸಾಲಿನಲ್ಲಿ ನಿಂತವನು ಮುತ್ಯಾನನ್ನು ಮೊದಲ ಸಲ ಭೇಟಿಯಾಗುವುದು ಅಲ್ಲಿಯೇ.

ರಾಜರ ವಂಶಾವಳಿಗೆ ಶಾಸನಗಳಿವೆ. ದೇಸಾಯರಿಗೆ, ಇನಾಮದಾರರಿಗೆ ಸನದುಗಳಿವೆ. ಉತ್ತಿ ಬಿತ್ತಿ ಸತ್ತ ಸಾಮಾನ್ಯನೊಬ್ಬನ ಬದುಕನ್ನು ನೂರು, ನೂರೈವತ್ತು ವರ್ಷಗಳ ಆಚೆಯಿಂದ ಕಟ್ಟಿಕೊಡಲು ಸಾಧ್ಯವೇ? ಸಾಧ್ಯವಾದರೆ ಯಾವುದನ್ನು ನಂಬಬೇಕು, ಕಚೇರಿಯ ಕಾಗದವನ್ನೋ ಮನೆಯ ಬಾಯಿಮಾತನ್ನೋ? ನಮ್ಮಲ್ಲಿಯೂ ಹೊರಗೂ ಈ ಪ್ರಶ್ನೆಗೆ ಒಂದಕ್ಕೊಂದು ಒಪ್ಪದ ಉತ್ತರಗಳಿವೆ. ಅವುಗಳನ್ನು ಈ ಮೂರು ಊರುಗಳ ನೆಲದ ಮೇಲೆ ಇಟ್ಟು ನೋಡುವುದು ಈ ಲೇಖನದ ಕೆಲಸ.

ಊರು ಕದಲಲಿಲ್ಲ, ದಫ್ತರ ಅಲೆಯಿತು

ಹುಡುಕಲು ಹೊರಟವರು ಮೊದಲು ಎಡವುವುದು ಭೂಗೋಳದಲ್ಲಿ. ತಿಕೋಟಾ, ಬಬಲೇಶ್ವರ ತಾಲೂಕುಗಳಾದದ್ದು 2018ರ ಹೊತ್ತಿಗೆ. ಅದಕ್ಕೂ ಹಿಂದಿನ ಕಾಗದವೆಲ್ಲ ಬಿಜಾಪುರ ತಾಲೂಕಿನದು. ಬಿಜಾಪುರ ಅಧಿಕೃತವಾಗಿ ವಿಜಯಪುರವಾದದ್ದು 2014ರ ನವೆಂಬರ್ 1ರಂದು. ಬಾಗಲಕೋಟೆ ಬೇರೆಯಾದದ್ದು 1997ರಲ್ಲಿ. 1956ರವರೆಗೆ ಇದು ಮುಂಬಯಿ ಪ್ರಾಂತದ ಭಾಗ. 1885ಕ್ಕೂ ಹಿಂದೆ ಜಿಲ್ಲೆಯ ಕೇಂದ್ರ ಕಲಾದಗಿಯಲ್ಲಿತ್ತು, ಜಿಲ್ಲೆಯ ಹೆಸರೂ ಕಲಾದಗಿಯೇ. ಆ ಜಿಲ್ಲೆ ರಚನೆಯಾದದ್ದು 1864ರಲ್ಲಿ. ಇನ್ನೂ ಹಿಂದೆ ಹೋದರೆ 1818ರಿಂದ 1848ರವರೆಗೆ ಸಾತಾರೆಯ ಮಹಾರಾಜರ ಆಡಳಿತ, ಅದಕ್ಕೂ ಹಿಂದೆ ಪೇಶ್ವೆಯರು, ನಿಜಾಮ, ಮೊಗಲರು, 1686ರವರೆಗೆ ಆದಿಲಶಾಹಿ. ಒಂದೇ ಮನೆಯ ಕಾಗದ ಹೀಗೆ ಪುಣೆಯ ಪೇಶ್ವೆ ದಫ್ತರ, ಮುಂಬಯಿಯ ಪತ್ರಾಗಾರ, ಧಾರವಾಡ, ಬೆಂಗಳೂರುಗಳಲ್ಲಿ ಹರಿದು ಹಂಚಿಹೋಗಿದೆ.

ಸಂಸ್ಥಾನಗಳ ತೊಡಕು ಬೇರೆ. ತಿಕೋಟಾದ ಪಡುವಲಿಗೆ ಸ್ವಲ್ಪ ದೂರ ಹೋದರೆ ಜತ್ತ, ಡಫಳೆ ಮನೆತನದ ಸಂಸ್ಥಾನ; ಬಬಲೇಶ್ವರದಿಂದ ನೈಋತ್ಯಕ್ಕೆ ಜಮಖಂಡಿ, ಪಟವರ್ಧನರದು. ಹೆಣ್ಣು ತರುವುದು, ಕೊಡುವುದು, ಸಂತೆಗೆ ಹೋಗುವುದು, ಬರ ಬಂದರೆ ನೆಂಟರ ಮನೆ ಸೇರುವುದು ಎಲ್ಲವೂ ಈ ಗಡಿಗಳನ್ನು ದಾಟಿಯೇ ನಡೆದಿದೆ. 1948ರಲ್ಲಿ ಸಂಸ್ಥಾನಗಳು ವಿಲೀನವಾದವು, 1956ರಲ್ಲಿ ಜತ್ತ ಮಹಾರಾಷ್ಟ್ರದ ಕಡೆ ಉಳಿಯಿತು. ಕನ್ನಡದ ಮನೆಯೊಂದರ ಮುತ್ತಜ್ಜಿಯ ತವರಿನ ಕಾಗದ ಇಂದು ಬೇರೆ ರಾಜ್ಯದ ಕಚೇರಿಯಲ್ಲಿ ಮರಾಠಿಯಲ್ಲಿದ್ದರೆ ಆಶ್ಚರ್ಯವಿಲ್ಲ.

ಲಿಪಿಯ ಗೋಡೆಯೂ ಇದೆ. ಪೇಶ್ವೆ ಕಾಲದ ಲೆಕ್ಕವೆಲ್ಲ ಮೋಡಿಯಲ್ಲಿ. ಬ್ರಿಟಿಷರು ಬಂದ ಮೇಲೂ ಕುಲಕರ್ಣಿಗಳ ಕೈ ಬಹಳ ಕಾಲ ಮೋಡಿಯನ್ನು ಬಿಡಲಿಲ್ಲ. ಓದುವವರು ಬೆರಳೆಣಿಕೆಯಷ್ಟು. ಇಸವಿಯನ್ನೂ ಬಿಡಿಸಬೇಕು: ಶಕ ವರ್ಷಕ್ಕೆ 78 ಕೂಡಿಸಬೇಕು, ಫಸಲಿಗೆ 590, ಆದಿಲಶಾಹಿಯಿಂದ ಮರಾಠರಿಗೆ ಬಳುವಳಿಯಾಗಿ ಬಂದ ಶುಹೂರ್ ಸನ್ನಿಗೆ 599. ಶುಹೂರ್ ಸನ್ನನ್ನು ಅಂಕಿಯಲ್ಲಿ ಬರೆಯದೆ ಅರಬ್ಬೀ ಎಣಿಕೆಯ ಶಬ್ದಗಳಲ್ಲಿ ಬರೆಯುವುದೂ ರೂಢಿ. ಇಷ್ಟು ಗೊತ್ತಿಲ್ಲದೆ ತೆರೆದ ಕಾಗದ ಒಬ್ಬ ಮನುಷ್ಯನನ್ನು ಹತ್ತಾರು ವರ್ಷ ಹಿಂದೆಯೋ ಮುಂದೆಯೋ ತಳ್ಳಿಬಿಡುತ್ತದೆ.

‘ಕಾಗದ ಇದ್ದರೆ ಮಾತಾಡು’ ಎನ್ನುವವರು

ಮೊದಲ ಪಂಥದವರು ದಾಖಲೆನಿಷ್ಠರು. ಈ ಭಾಗದಲ್ಲಿ ಅವರ ಮನೋಧರ್ಮವನ್ನು ರೂಪಿಸಿದವರು ಮರಾಠಿ ಇತಿಹಾಸಕಾರರು. ವಿ.ಕಾ. ರಾಜವಾಡೆಯವರು (1863–1926) ಊರೂರು ಅಲೆದು ವಾಡೆಗಳಿಂದ, ಅಟ್ಟಗಳಿಂದ ಮೋಡಿ ಕಾಗದಗಳನ್ನು ಹೊರತೆಗೆದರು. ಅದೇ ಕಾಲದಲ್ಲಿ ನಮ್ಮ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು (1880–1964) ಮನೆಮನೆಯ ತಾಡೋಲೆಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಹಳಕಟ್ಟಿಯವರು ಹುಡುಕಿದ್ದು ವಚನಗಳನ್ನು, ವಂಶಾವಳಿಯನ್ನಲ್ಲ ನಿಜ. ಆದರೆ ಸಾಮಾನ್ಯರ ಮನೆಯ ಜಗಲಿಯ ಮೇಲೆ ಕಟ್ಟಿಟ್ಟ ಗಂಟು ನಾಡಿನ ಇತಿಹಾಸವಾಗಬಲ್ಲದು ಎಂಬ ಧೈರ್ಯವನ್ನು ಈ ಊರಿಗೆ ಕೊಟ್ಟವರು ಅವರೇ. ಮುಂದೆ ಇದೇ ಜಿಲ್ಲೆಯ ಸಿಂದಗಿ ಕಡೆಯವರಾದ ಎಂ.ಎಂ. ಕಲಬುರ್ಗಿಯವರು ಕರ್ನಾಟಕದ ಕೈಫಿಯತ್ತುಗಳನ್ನು ಸಂಪಾದಿಸಿದಾಗ ಊರ ಮಟ್ಟದ ನೆನಪುಗಳಿಗೂ ವಿದ್ವತ್ತಿನ ಮನ್ನಣೆ ಸಿಕ್ಕಿತು.

ದಾಖಲೆನಿಷ್ಠರ ಕೈಯಲ್ಲಿ ಇರುವ ಸಾಮಗ್ರಿಯೇನು? ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ರೂಪಿಸಿದ ಮುಂಬಯಿ ಸರ್ವೆ ಪದ್ಧತಿ 1830ರ ದಶಕದಲ್ಲಿ ಪುಣೆ ಕಡೆ ಶುರುವಾಗಿ ಮುಂದಿನ ದಶಕಗಳಲ್ಲಿ ಇತ್ತ ಬಂತು. ಟಿಪ್ಪಣಿ, ಪ್ರತಿ ಪುಸ್ತಕ, ಆಕಾರಬಂದ್ ಇವೆಲ್ಲ ಅದರ ಸಂತಾನ. ಅದು ಎರಿಭೂಮಿಯ ಆಳವನ್ನು ಅಳೆದು ಮಣ್ಣಿಗೆ ಹದಿನಾರಾಣೆ, ಹನ್ನೆರಡಾಣೆ ಎಂದು ದರ್ಜೆ ಕಟ್ಟಿತು. ಮನುಷ್ಯನ ಬಗ್ಗೆ ಅದಕ್ಕೆ ಬೇಕಾಗಿದ್ದದ್ದು ಹೆಸರು ಮಾತ್ರ, ಅದೂ ಆಕಾರ ತುಂಬುವವನ ಹೆಸರು. ಹೊಲ ಬಿಡುವವನು ‘ರಾಜೀನಾಮೆ’ ಕೊಡಬೇಕು, ಹಿಡಿಯುವವನು ‘ಕಬೂಲಾಯತಿ’ ಬರೆದುಕೊಡಬೇಕು. ಬರಗಾಲದ ವರ್ಷಗಳ ರಾಜೀನಾಮೆಗಳನ್ನು ಒಟ್ಟಿಗೆ ಜೋಡಿಸಿ ಓದಿದರೆ ಊರು ಬರಿದಾಗುವ ಸದ್ದು ಕೇಳಿಸುತ್ತದೆ.

1903ರ ಮುಂಬಯಿ ಹಕ್ಕುದಾಖಲೆ ಕಾಯ್ದೆ ಬಂದ ಮೇಲೆ ಚಿತ್ರ ಬದಲಾಯಿತು. ಅಲ್ಲಿಂದ ಮುಂದೆ ಸಾವು, ವಾಟ್ನಿ, ಖರೀದಿ, ಗಹಾಣ (ಅಡವು), ದತ್ತಕ ಎಲ್ಲಕ್ಕೂ ವರ್ದಿ ಕೊಡಬೇಕು, ಡೈರಿಯಲ್ಲಿ ನಂಬರು ಬೀಳಬೇಕು. ಸಾಮಾನ್ಯ ರೈತನೊಬ್ಬನ ಜೀವನಚರಿತ್ರೆಗೆ ಇದಕ್ಕಿಂತ ದೊಡ್ಡ ಆಕರ ನಮ್ಮಲ್ಲಿಲ್ಲ ಎಂಬುದು ನನ್ನ ಅಭಿಪ್ರಾಯ. ತಂದೆ ಸತ್ತಾಗ ಮಕ್ಕಳು ‘ಅಜ್ಞಾನ’ರಾಗಿದ್ದರೆ, ಅಂದರೆ ಪ್ರಾಯಕ್ಕೆ ಬಂದಿರದಿದ್ದರೆ, ಪಾಲನಕರ್ತೆ ತಾಯಿ ಎಂದು ಬರೆದಿರುತ್ತದೆ. ಆ ಒಂದು ಶಬ್ದದಿಂದ ಅವನು ಎಳೆಯ ಪ್ರಾಯದಲ್ಲಿಯೇ ತೀರಿಹೋದನೆಂದೂ ಮನೆ ನಡೆಸಿದವಳು ವಿಧವೆಯೆಂದೂ ತಿಳಿಯುತ್ತದೆ. ಗಹಾಣದ ಮೇಲೆ ಗಹಾಣ ಬಿದ್ದಿದ್ದರೆ ಮಳೆ ಹೋದ ವರ್ಷಗಳನ್ನು ಪಕ್ಕದಲ್ಲಿಟ್ಟು ನೋಡಬಹುದು.

ಇದರ ಜೊತೆಗೆ ಮುಂಬಯಿ ಪ್ರಾಂತದ ಗ್ರಾಮ ಲೆಕ್ಕಗಳಲ್ಲಿ 14ನೇ ನಮೂನೆ ಜನನ ಮರಣದ್ದು. ಹುಟ್ಟಿದ ಕೂಸಿನ ಹೆಸರು ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಏಕೆಂದರೆ ತೊಟ್ಟಿಲಿಗೆ ಹಾಕುವ ಮೊದಲೇ ವರದಿಯಾಗುತ್ತಿತ್ತು. ತಂದೆಯ ಹೆಸರು, ಜಾತಿ, ಗಂಡೋ ಹೆಣ್ಣೋ ಅಷ್ಟೇ. ಮರಣದ ಕಾರಣದ ಅಂಕಣದಲ್ಲಿ ‘ಜ್ವರ’ ಎಂಬ ಒಂದೇ ಶಬ್ದ ನೂರು ಬಗೆಯ ಸಾವನ್ನು ನುಂಗಿದೆ. ಮಹಾರಾಷ್ಟ್ರದಲ್ಲಿ 2023ರಿಂದ ಕುಣಬಿ ಜಾತಿಯ ನೋಂದಣಿಗಳಿಗಾಗಿ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿಯ ಮೇಲ್ವಿಚಾರಣೆಯಲ್ಲಿ ಇಂಥ ಹಳೆಯ ಪುಸ್ತಕಗಳನ್ನು ತೆಗೆದು ತಡಕಾಡಿದಾಗ, ಮೂಲೆಗುಂಪಾಗಿದ್ದ ಈ ನಮೂನೆಗೆ ಎಷ್ಟು ಬೆಲೆಯಿದೆ ಎಂದು ಎಲ್ಲರಿಗೂ ಗೊತ್ತಾಯಿತು. ಶಾಲೆಯ ದಾಖಲಾತಿ ರಜಿಸ್ಟರು, ಮುಲ್ಕಿ ಪರೀಕ್ಷೆಯ ಪ್ರಮಾಣಪತ್ರ, ಸಬ್‌ರಜಿಸ್ಟ್ರಾರ ಕಚೇರಿಯ ಖರೀದಿಪತ್ರ, 1974ರ ಭೂಸುಧಾರಣೆಯ ನಂತರ ಗೇಣಿದಾರರು ಭೂನ್ಯಾಯಮಂಡಳಿಗೆ ಸಲ್ಲಿಸಿದ 7ನೇ ನಮೂನೆ ಅರ್ಜಿ, ಕೃಷ್ಣೆಯ ಮುಳುಗಡೆ ಪರಿಹಾರದ ಅವಾರ್ಡಿನಲ್ಲಿ ಎಣಿಸಿದ ಬಾವಿ, ಬೇವಿನ ಗಿಡ, ಮನೆಯ ತೊಲೆ: ಇವೆಲ್ಲ ಒಂದೊಂದು ಕಿಂಡಿ. ನ್ಯಾಯಮಂಡಳಿಯ ಕಡತಗಳು ಅದರಲ್ಲೂ ಅಮೂಲ್ಯ. ಮೂರು ತಲೆಮಾರು ಉತ್ತರೂ ಉತಾರದಲ್ಲಿ ಹೆಸರಿಲ್ಲದಿದ್ದವನು ಅಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ್ದಾನೆ.

ಒಂದು ಕೊರತೆಯನ್ನು ಮಾತ್ರ ಈ ಪಂಥ ತುಂಬಲಾರದು. ಇಂಗ್ಲೆಂಡಿನಲ್ಲಿ 1841ರಿಂದಾಚೆಯ ಜನಗಣತಿಯ ಮನೆವಾರು ಹಾಳೆಗಳು ಉಳಿದಿವೆ, 1921ರದು ನೂರು ವರ್ಷ ತುಂಬಿದ ಮೇಲೆ ಸಾರ್ವಜನಿಕರಿಗೆ ತೆರೆಯಿತು. ನಮ್ಮಲ್ಲಿ 1872ರಿಂದ ಜನಗಣತಿ ನಡೆದಿದ್ದರೂ ಒಟ್ಟು ಲೆಕ್ಕ ಉಳಿಯಿತು, ಮನೆವಾರು ಹಾಳೆಗಳನ್ನು ಇಟ್ಟುಕೊಳ್ಳಲಿಲ್ಲ. ಎಂಟು ಲಕ್ಷ ದಾಟಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆ 1876–78ರ ಬರದ ನಂತರ, 1881ರಲ್ಲಿ, ಆರೂವರೆ ಲಕ್ಷಕ್ಕಿಂತ ಕೆಳಗೆ ಬಿದ್ದಿತೆಂದು ನಮಗೆ ಗೊತ್ತು. ಹೋದವರು ಯಾರು ಯಾರು ಎಂಬ ಪಟ್ಟಿ ಎಲ್ಲಿಯೂ ಇಲ್ಲ.

ಎತ್ತಿನ ಮೇಲೆ ಬರುವ ವಂಶಾವಳಿ

ಎರಡನೆಯ ಪಂಥದವರು ಹೇಳುವುದು ಬೇರೆ: ಈ ನಾಡಿನಲ್ಲಿ ಸಾಮಾನ್ಯರ ವಂಶಾವಳಿಯನ್ನು ಸರ್ಕಾರಕ್ಕಿಂತ ಮೊದಲೇ, ಸರ್ಕಾರಕ್ಕಿಂತ ಪ್ರೀತಿಯಿಂದ ಕಾದವರಿದ್ದಾರೆ. ಅವರು ಹೆಳವರು. ಸುಗ್ಗಿ ಮುಗಿದ ಮೇಲೆ ಗಂಟೆ ಕಟ್ಟಿದ ಎತ್ತಿನೊಂದಿಗೆ ಊರಿಗೆ ಬಂದು, ಮನೆಯ ಮುಂದೆ ನಿಂತು, ಆ ಮನೆಯ ಮೂಲಪುರುಷ ಯಾರು, ಯಾವ ಊರಿಂದ ಬಂದ, ಮನೆದೇವರು ಯಾವುದು, ಬೆಡಗು ಯಾವುದು, ಯಾರಿಗೆ ಎಷ್ಟು ಮಕ್ಕಳು ಎಂದು ರಾಗವಾಗಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಜೋಳವನ್ನೋ ಬಟ್ಟೆಯನ್ನೋ ಹಣವನ್ನೋ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಒಂದೊಂದು ಹೆಳವರ ಮನೆತನಕ್ಕೆ ಇಂತಿಂಥ ಊರು, ಇಂತಿಂಥ ಮನೆ ಎಂಬ ಹಂಚಿಕೆಯಿದೆ. ಬಾಯಿಪಾಠದ ಜೊತೆ ಕೈಬರಹದ ಪುಸ್ತಕಗಳೂ ಅವರಲ್ಲಿವೆ. ಓದು ಬರಹ ಇಲ್ಲದ ಒಕ್ಕಲುಮನೆಯ ಏಳು ತಲೆಮಾರಿನ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವವರು ಇವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ಇದೇ ಜಾಡಿನಲ್ಲಿ ಕ್ಷೇತ್ರಗಳ ಪುರೋಹಿತರ ವಹಿಗಳೂ ಬರುತ್ತವೆ. ನಮ್ಮ ಕಡೆಯ ಎಷ್ಟೋ ಮನೆಗಳು ಪಂಢರಪುರಕ್ಕೆ, ತುಳಜಾಪುರಕ್ಕೆ ನಡೆದುಕೊಳ್ಳುತ್ತವೆ; ಅನುಕೂಲವಿದ್ದವರು ನಾಸಿಕ, ಕಾಶಿಗೂ ಹೋಗಿ ಬಂದಿದ್ದಾರೆ. ಬಂದವರ ಹೆಸರು, ಊರು, ಜೊತೆಗಾರರನ್ನು ಬರೆದಿಡುವ ರೂಢಿ ಅಲ್ಲಿನ ಮನೆತನಗಳದು. ಹರಿದ್ವಾರದ ಪಂಡರ ವಹಿಗಳನ್ನು ಅಮೆರಿಕದ ಯೂಟಾದ ವಂಶಾವಳಿ ಸಂಸ್ಥೆ ಮೈಕ್ರೋಫಿಲ್ಮ್ ಮಾಡಿಸಿದೆ. ವಿಜಯಪುರದ ಮುಸ್ಲಿಂ ಮನೆಗಳಿಗೆ ದರ್ಗಾಗಳ ಶಜರಾ, ಖಾಜಿಯವರ ನಿಕಾಹ್ ದಫ್ತರಗಳಿವೆ. ರಿಚರ್ಡ್ ಈಟನ್ ‘ಸೂಫೀಸ್ ಆಫ್ ಬಿಜಾಪುರ್’ (1978) ಬರೆಯಲು ಇಲ್ಲಿನ ದರ್ಗಾಗಳ ಮನೆತನಗಳು ಕಾದಿಟ್ಟ ಕಾಗದಗಳನ್ನು ಬಳಸಿಕೊಂಡರು.

ಮನೆದೇವರು ಎಂಬುದೂ ಒಂದು ದಾಖಲೆಯೇ. ಬಬಲೇಶ್ವರದಲ್ಲಿ ನಾಲ್ಕು ತಲೆಮಾರಿನಿಂದ ನೆಲೆಸಿದ ಕುಟುಂಬವೊಂದು ಜಾವಳ ತೆಗೆಸಲು ಇಂದಿಗೂ ದೂರದ ಹುಲಜಂತಿಗೆ, ಸವದತ್ತಿಗೆ, ಮೈಲಾರಕ್ಕೆ ಹೋಗುತ್ತಿದ್ದರೆ ಅವರ ಹಿರಿಯರು ನಡೆದು ಬಂದ ದಾರಿ ಅದೇ ಇರಬಹುದೆಂಬ ಊಹೆಗೆ ಬಲ ಬರುತ್ತದೆ. ಊಹೆ ಮಾತ್ರ, ಹರಕೆಯಿಂದ ಹಿಡಿದ ದೇವರೂ ಉಂಟು, ಸೊಸೆಯ ಜೊತೆ ಬಂದ ದೇವರೂ ಉಂಟು.

ಬಾಯಿಮಾತಿನ ಮೇಲೆ ದಾಖಲೆನಿಷ್ಠರ ಆಕ್ಷೇಪ ಹಳೆಯದು. ಹೇಳುವವನು ದಾನ ಕೊಡುವವನ ಮನ ಮೆಚ್ಚಿಸಬೇಕಲ್ಲವೇ? ಮನೆ ಮುರಿದ ಮಗ, ಬೇರೆ ಜಾತಿಯವಳನ್ನು ಕೂಡಿಕೊಂಡವ ಪಟ್ಟಿಯಿಂದ ಜಾರಿಹೋಗುವುದಿಲ್ಲವೇ? ಆಫ್ರಿಕದ ಮೌಖಿಕ ಪರಂಪರೆಗಳನ್ನು ಅಧ್ಯಯನ ಮಾಡಿದ ಬೆಲ್ಜಿಯಂ ಮೂಲದ ಯಾನ್ ವಾನ್ಸಿನಾ ಇದಕ್ಕೆ ಒಂದು ಒಳ್ಳೆಯ ವಿವರಣೆ ಕೊಟ್ಟರು. ಇತ್ತೀಚಿನ ಮೂರು ನಾಲ್ಕು ತಲೆಮಾರು ಸ್ಪಷ್ಟ, ಮೂಲಪುರುಷನ ಕಥೆಯೂ ಸ್ಪಷ್ಟ, ನಡುವಿನ ಕಾಲ ಖಾಲಿ. ತಲೆಮಾರು ಉರುಳಿದಂತೆ ಆ ಖಾಲಿ ಜಾಗವೂ ಮುಂದಕ್ಕೆ ತೇಲುತ್ತ ಬರುತ್ತದೆ. ನಮ್ಮ ಮನೆಗಳಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ‘ಅಜ್ಜನ ಅಪ್ಪ ಯಾರು’ ಎಂದರೆ ಉತ್ತರ ಬರುತ್ತದೆ. ‘ಮೊದಲು ಈ ಊರಿಗೆ ಬಂದವ ಯಾರು’ ಎಂದರೆ ಕಥೆಯೇ ಬರುತ್ತದೆ. ಇಬ್ಬರ ನಡುವೆ ಇದ್ದವರು ಯಾರೆಂದರೆ ಮನೆ ಸುಮ್ಮನಾಗುತ್ತದೆ.

ಇದನ್ನು ಇನ್ನಷ್ಟು ಗೋಜಲು ಮಾಡುವುದು ನಮ್ಮ ಹೆಸರಿಡುವ ಪದ್ಧತಿ. ಅಜ್ಜನ ಹೆಸರು ಮೊಮ್ಮಗನಿಗೆ. ಸಂಗಪ್ಪನ ಮಗ ಬಸಪ್ಪ, ಬಸಪ್ಪನ ಮಗ ಮತ್ತೆ ಸಂಗಪ್ಪ. ಡೈರಿಯಲ್ಲಿ ‘ಸಂಗಪ್ಪ ಬಿನ್ ಬಸಪ್ಪ’ ಎಂದು ಕಂಡರೆ ಅದು ಮುತ್ಯಾನೋ ಅವನ ಮೊಮ್ಮಗನೋ ಹೇಳುವುದು ಕಷ್ಟ. ಬಾಯಿಮಾತು ಇಬ್ಬರನ್ನೂ ಒಬ್ಬನನ್ನಾಗಿ ಮಾಡಿ ಅರವತ್ತು ವರ್ಷ ನುಂಗಿಬಿಡುತ್ತದೆ, ಕಾಗದ ಒಬ್ಬನನ್ನೇ ನೂರಿಪ್ಪತ್ತು ವರ್ಷ ಬದುಕಿಸುತ್ತದೆ. ಅಡ್ಡಹೆಸರೂ ನಿಲ್ಲುವುದಿಲ್ಲ. ತಾಳಿಕೋಟಿಯಿಂದ ಬಂದವನು ವಿಜಯಪುರದಲ್ಲಿ ತಾಳಿಕೋಟಿ ಆಗುತ್ತಾನೆ, ಊರಲ್ಲೇ ಉಳಿದ ಅವನ ಅಣ್ಣ ಗಾಣಿಗೇರನಾಗಿಯೇ ಇರುತ್ತಾನೆ. ಎರಡು ತಲೆಮಾರು ಕಳೆದರೆ ಅವರು ದಾಯಾದಿಗಳೆಂದು ಕಾಗದ ಓದಿದವರಿಗೆ ತಿಳಿಯುವುದಿಲ್ಲ, ಹೆಳವನಿಗೆ ತಿಳಿದಿರುತ್ತದೆ. ಈ ಒಂದು ವಿಷಯದಲ್ಲಿ ಹೆಳವರ ಪುಸ್ತಕ ತಲಾಟಿಯ ಪುಸ್ತಕಕ್ಕಿಂತ ಮೇಲು ಎಂದು ನಾನು ಹಿಂಜರಿಯದೆ ಹೇಳುತ್ತೇನೆ.

ಒಬ್ಬನನ್ನು ಹಿಡಿದು ಕಾಲವನ್ನು ಓದುವವರು

ಮೂರನೆಯವರ ಪ್ರಕಾರ ಕಾಗದ, ಬಾಯಿಮಾತು ಎರಡೂ ತುಣುಕುಗಳೇ. ತುಣುಕಿನ ಸುತ್ತಲಿನ ಲೋಕವನ್ನು ಕಟ್ಟಿದರೆ ಮನುಷ್ಯನು ತಾನಾಗಿ ಕಾಣುತ್ತಾನೆ. ಇಟಲಿಯ ಕಾರ್ಲೋ ಗಿನ್ಜ್‌ಬರ್ಗ್ 1976ರಲ್ಲಿ ಹದಿನಾರನೆಯ ಶತಮಾನದ ಒಬ್ಬ ಹಿಟ್ಟಿನ ಗಿರಣಿಯವನ ಬದುಕನ್ನು ಧರ್ಮವಿಚಾರಣೆಯ ಕಡತದಿಂದ ಎತ್ತಿ ಕೊಟ್ಟರು. ಫ್ರಾನ್ಸಿನ ಅಲೆನ್ ಕಾರ್ಬೆನ್ 1998ರಲ್ಲಿ ಇನ್ನೂ ಕಠಿಣವಾದ ಪಂದ್ಯ ಕಟ್ಟಿದರು: ಪತ್ರಾಗಾರದಲ್ಲಿ ಕಣ್ಣುಮುಚ್ಚಿ ಒಂದು ಹೆಸರನ್ನು ಆರಿಸಿ, ಏನನ್ನೂ ಮಾಡಿರದ, ಏನನ್ನೂ ಬರೆದಿರದ, ಮರದ ಪಾದರಕ್ಷೆ ಕೆತ್ತುತ್ತಿದ್ದ ಲೂಯಿ-ಫ್ರಾಂಸ್ವಾ ಪಿನಾಗೋನ (1798–1876) ಲೋಕವನ್ನು ಕಟ್ಟಿದರು. ಭಾರತದಲ್ಲಿ ರಣಜಿತ್ ಗುಹಾ 1987ರ ‘ಚಂದ್ರಾಸ್ ಡೆತ್’ ಲೇಖನದಲ್ಲಿ 1849ರ ಬಂಗಾಳದ ಹಳ್ಳಿಯೊಂದರ ಕೆಲವೇ ಸಾಲುಗಳ ಹೇಳಿಕೆಯಿಂದ ಒಬ್ಬ ಬಡಹೆಂಗಸಿನ ಸಾವನ್ನೂ ಅವಳ ಸುತ್ತ ನಿಂತ ಹೆಂಗಸರನ್ನೂ ಕಾಣಿಸಿದರು.

ಈ ದಾರಿ ನಮಗೆ ಒಗ್ಗುತ್ತದೆಯೇ? ನೋಡೋಣ. ತಿಕೋಟಾ ಬಬಲೇಶ್ವರಗಳ ನಡುವಿನ ಒಂದು ಹಳ್ಳಿಯಲ್ಲಿ 1870ರ ಸುಮಾರಿಗೆ ಹುಟ್ಟಿದ ಒಬ್ಬನನ್ನು ಕಲ್ಪಿಸಿಕೊಳ್ಳಿ. ಅವನ ಬಗ್ಗೆ ಸಿಗುವುದು ಎರಡು ಡೈರಿ ನೋಂದಣಿ, ಒಂದು ಗಹಾಣಪತ್ರ ಅಷ್ಟೇ ಎಂದಿಟ್ಟುಕೊಳ್ಳಿ. ಆದರೆ ಅವನ ಲೋಕದ ಬಗ್ಗೆ ನಮಗೆ ಗೊತ್ತಿರುವುದು ಬಹಳ. ಅವನು ಐದಾರು ವರ್ಷದವನಿದ್ದಾಗ ಧಾತು ಈಶ್ವರ ಸಂವತ್ಸರಗಳ ಮಹಾಬರ ಬಂತು. ಬದುಕಿದವರು ಗಂಜಿ ಕೇಂದ್ರದ ಕಡೆಗೋ ಮಣ್ಣು ಹೊರುವ ಕೆಲಸಕ್ಕೋ ಹೋದರು. ಸೋಲಾಪುರದಲ್ಲಿ ಆಗಷ್ಟೇ ಎದ್ದಿದ್ದ ಬಟ್ಟೆ ಗಿರಣಿ ಗುಳೆ ಹೋದವರಿಗೆ ಹೊಸ ದಾರಿ ತೋರಿಸಿತು. 1880ರ ದಶಕದಲ್ಲಿ ಹೋಟಗಿ–ಗದಗ ರೈಲುಹಳಿ ವಿಜಯಪುರದ ಮೂಲಕ ಹಾದಾಗ ಅವನು ಹದಿಹರೆಯದವನು. ಅವನ ಮೂವತ್ತರ ಆಸುಪಾಸು ಪ್ಲೇಗು, 1899–1900ರ ಬರ. ನಲವತ್ತೆಂಟಕ್ಕೆ 1918ರ ಇನ್‌ಫ್ಲುಯೆಂಜಾ. ಅವನ ಗಹಾಣಪತ್ರದ ತಾರೀಖನ್ನು ಈ ಸಾಲಿನಲ್ಲಿ ಇಟ್ಟಾಗ ಅದು ಮಾತಾಡತೊಡಗುತ್ತದೆ.

ಅಪಾಯವೂ ಇಲ್ಲಿಯೇ ಇದೆ. ಊರೆಲ್ಲ ಹಸಿದಿತ್ತು ಎಂಬುದರಿಂದ ಅವನೂ ಹಸಿದಿದ್ದ ಎಂದು ಬರೆಯುವುದು ಸುಲಭ, ಸಾಕ್ಷಿ ಇಲ್ಲ. ಅವನ ಮನೆಯ ಹಗೇವಿನಲ್ಲಿ ಜೋಳ ಇದ್ದಿರಬಹುದು, ಅವನ ಅಪ್ಪನೇ ಬಡ್ಡಿಗೆ ಕಾಳು ಕೊಟ್ಟವನಿರಬಹುದು. ವಂಶಚರಿತ್ರೆ ಬರೆಯುವವರು ತಮ್ಮ ಹಿರಿಯರನ್ನು ಯಾವಾಗಲೂ ಬಳಲಿದವರ ಸಾಲಿನಲ್ಲೇ ನಿಲ್ಲಿಸುತ್ತಾರೆ. ಕೊಟ್ಟವರ, ಕಸಿದವರ ಸಾಲಿನಲ್ಲಿ ನಿಲ್ಲಿಸುವ ಪ್ರಾಮಾಣಿಕತೆ ಅಪರೂಪ.

ಅನುಮಾನದ ಕಣ್ಣು ಬರೆದ ದಾಖಲೆ

ನಾಲ್ಕನೆಯ ನಿಲುವು ಬುಡವನ್ನೇ ಅಲುಗಿಸುತ್ತದೆ. ಬರ್ನಾರ್ಡ್ ಕೋನ್, ನಿಕೊಲಸ್ ಡರ್ಕ್ಸ್ ಮೊದಲಾದ ವಿದ್ವಾಂಸರ ಪ್ರಕಾರ ವಸಾಹತು ಸರ್ಕಾರದ ದಾಖಲೆ ಇದ್ದದ್ದನ್ನು ಬರೆದುಕೊಂಡಿತು ಅನ್ನುವುದಕ್ಕಿಂತ, ತನಗೆ ಬೇಕಾದ ಅಂಕಣಗಳಿಗೆ ಜನರನ್ನು ಹೊಂದಿಸಿತು. 14ನೇ ನಮೂನೆಯ ಜಾತಿ ಅಂಕಣದಲ್ಲಿ ಕುಲಕರ್ಣಿಯ ಲೇಖನಿ ಬರೆದದ್ದು ಆ ಮನೆಯವರು ತಮ್ಮನ್ನು ಕರೆದುಕೊಳ್ಳುತ್ತಿದ್ದ ಹೆಸರೇ ಎನ್ನಲು ಆಧಾರವಿಲ್ಲ. ಇಂದು ಅದೇ ಅಂಕಣ ಕೋರ್ಟಿನಲ್ಲಿ ತೀರ್ಪಿನ ಆಧಾರವಾಗುತ್ತದೆ.

ಈ ವಾದಕ್ಕೆ ವಿಜಯಪುರಕ್ಕಿಂತ ಗಟ್ಟಿಯಾದ ನಿದರ್ಶನ ಬೇಕಿಲ್ಲ. ಅಪರಾಧಿ ಬುಡಕಟ್ಟು ಎಂಬ ಹಣೆಪಟ್ಟಿಯ ಕಾಯ್ದೆಯಡಿ ಮುಂಬಯಿ ಪ್ರಾಂತದಲ್ಲಿ ತೆರೆದ ಸೆಟ್ಲ್‌ಮೆಂಟುಗಳಲ್ಲಿ ಮೊದಮೊದಲಿನದು ಇದೇ ಊರಿನಲ್ಲಿ, 1910ರ ಆಸುಪಾಸು, ಸ್ಟಾರ್ಟ್ ಎಂಬ ಅಧಿಕಾರಿಯ ಕೈಕೆಳಗೆ ಶುರುವಾಯಿತು. ಅಲ್ಲಿ ತಂತಿಬೇಲಿಯೊಳಗೆ ಇಟ್ಟವರ ಹೆಸರು, ಬೆರಳಚ್ಚು, ದಿನದ ಹಾಜರಿ, ಊರು ಬಿಟ್ಟರೆ ಪಾಸು, ಮಕ್ಕಳ ಶಾಲೆ, ಗಿರಣಿಯ ಕೂಲಿ ಎಲ್ಲವನ್ನೂ ಬರೆದಿಡಲಾಗುತ್ತಿತ್ತು. ಪಕ್ಕದ ಹಳ್ಳಿಯ ಗೌರವಸ್ಥ ಒಕ್ಕಲಿಗನ ದಿನಚರಿ ಯಾರಿಗೂ ಗೊತ್ತಿಲ್ಲ. ಕಳ್ಳನೆಂದು ಹುಟ್ಟಿನಿಂದಲೇ ಶಂಕಿಸಲ್ಪಟ್ಟವನದು ಗೊತ್ತಿದೆ. ಮುಂಬಯಿ ಪ್ರಾಂತದಲ್ಲಿ 1949ರಲ್ಲಿ, ದೇಶಾದ್ಯಂತ 1952ರಲ್ಲಿ ಆ ಕಾಯ್ದೆ ಹೋಯಿತು. ವಿಮುಕ್ತರಾದ ಆ ಮನೆಗಳ ಮೊಮ್ಮಕ್ಕಳು ತಮ್ಮ ಮುತ್ಯಾನನ್ನು ಹುಡುಕಿದರೆ ಸಿಗುವ ಮೊದಲ ಕಾಗದ ಅವಮಾನದ್ದು. ಅದನ್ನು ಓದುವುದೋ ಬಿಡುವುದೋ ಎಂಬ ತೀರ್ಮಾನ ಅವರದೇ ಆಗಿರಬೇಕು.

ಇದಕ್ಕೆ ತುಸು ಭಿನ್ನವಾದ ಇನ್ನೊಂದು ಎಳೆ ವತನದ್ದು. ತಳವಾರಕಿ, ವಾಲೀಕಾರಕಿ, ಮಹಾರ ಹಾಗೂ ಹೊಲೆಯ ವತನಗಳು ತುಂಡು ಭೂಮಿಗೆ ಬದಲಾಗಿ ಹಗಲಿರುಳು ದುಡಿಸಿಕೊಂಡ ವ್ಯವಸ್ಥೆ. ಅಂಬೇಡ್ಕರರು 1928ರಲ್ಲಿಯೇ ಮುಂಬಯಿ ಶಾಸನಸಭೆಯಲ್ಲಿ ಇದರ ವಿರುದ್ಧ ಮಸೂದೆ ತಂದರು; ನಮ್ಮಲ್ಲಿ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಿಂದ ಅದು ಕೊನೆಗಂಡಿತು. ಆದರೆ 1874ರ ವತನ ಕಾಯ್ದೆಯಡಿ ವಾರಸುದಾರರನ್ನು ನಿರ್ಧರಿಸಲು ವಂಶಾವಳಿ ಬೇಕಾಗುತ್ತಿತ್ತು. ಹಾಗಾಗಿ ಅನೇಕ ದಲಿತ ಮನೆಗಳ ಹಿರಿಯರ ಹೆಸರು ವತನದ ಕಡತದಲ್ಲಿ ತಲೆಮಾರುಗಳ ಕ್ರಮದಲ್ಲಿಯೇ ಉಳಿದಿವೆ. ನಿಜಕ್ಕೂ ಕಾಣದವರು ಹೊಲವೂ ಇಲ್ಲದ, ವತನವೂ ಇಲ್ಲದ, ಗೇಣಿಯೂ ಹಿಡಿಯದ ಜೀತದಾಳುಗಳು, ತಾಂಡಾದಿಂದ ತಾಂಡಾಕ್ಕೆ ಸರಿದವರು.

ಕಾಗದವೇ ಇಲ್ಲದವರಿಗೂ ರಕ್ತ, ಎಂಜಲಿನ ಪರೀಕ್ಷೆಯಿಂದ ವಂಶ ಹೇಳುತ್ತೇವೆನ್ನುವ ಕಂಪನಿಗಳ ಮಾತು ಈಚಿನದು. ಸಾವಿರಾರು ವರ್ಷಗಳ ವಲಸೆ, ಬೆರಕೆಗಳ ಬಗ್ಗೆ ಆ ವಿಜ್ಞಾನ ಬಹಳ ಹೇಳಬಲ್ಲದು, ಹತ್ತಿರದ ದಾಯಾದಿಯನ್ನೂ ತೋರಿಸಬಹುದು. ಮುತ್ಯಾನ ಹೆಸರನ್ನು ಹೇಳಲಾರದು. ತಲೆಮಾರುಗಳಿಂದ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟು ತಂದ ನಮ್ಮ ಮನೆಗಳಲ್ಲಿ ನಂಟಿನ ದೂರವನ್ನು ಅದು ಹತ್ತಿರ ಎಂದು ತಪ್ಪಾಗಿ ಎಣಿಸುವ ಸಂಭವವೂ ಹೆಚ್ಚು.

ಆಯಿ ಎಲ್ಲಿ?

ಎಲ್ಲ ಪಂಥಗಳೂ ಸೋಲುವುದು ಒಂದೇ ಕಡೆ. ಹೆಳವರು ಹಾಡುವುದು ಗಂಡುಸಂತಾನದ ಸಾಲು. ಡೈರಿ ಬರೆಯುವುದು ಗಂಡುವಾರಸರ ಸಾಲು. ಹೆಣ್ಣು ಕಾಣಿಸಿಕೊಂಡರೆ ‘ಕೋಂ’ ಆಗಿ, ಯಾರದೋ ಹೆಂಡತಿಯಾಗಿ. ಮದುವೆಯಲ್ಲಿ ಹೆಸರು ಬದಲಿಸುವ ರೂಢಿಯಿದ್ದ ಮನೆಗಳಲ್ಲಿ ತವರಿನ ಹೆಸರೂ ಹೋಯಿತು. ನನ್ನ ಓದುಗರಲ್ಲಿ ಎಷ್ಟು ಮಂದಿಗೆ ಅಪ್ಪನ ಅಜ್ಜಿಯ ಹೆಸರು ಗೊತ್ತು? ಅವಳ ತವರೂರು?

ಗಂಡ ಸತ್ತಾಗ ಪಾಲನಕರ್ತೆಯಾಗಿ, 1937ರ ಕಾಯ್ದೆಯ ನಂತರ ವಿಧವೆಯ ಪಾಲಿಗಾಗಿ, 1956ರ ನಂತರ ಮಗಳಾಗಿ ಅವಳ ಹೆಸರು ಒಂದೊಂದೇ ಮೆಟ್ಟಿಲು ಹತ್ತಿದೆ. ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟವು. ಆಮೇಲೆ ಕಚೇರಿಗಳಲ್ಲಿ ಹೆಚ್ಚಾದ ಕಾಗದ ಯಾವುದೆಂದು ಊರವರಿಗೆಲ್ಲ ಗೊತ್ತು: ಹಕ್ಕು ಬಿಡುಗಡೆ ಪತ್ರ. ತವರಿನ ದಾಖಲೆಯಲ್ಲಿ ಎಷ್ಟೋ ಹೆಣ್ಣುಮಕ್ಕಳ ಹೆಸರು ಮೊದಲ ಸಲ ಬಂದದ್ದು ತನಗೇನೂ ಬೇಡವೆಂದು ಹೆಬ್ಬೆಟ್ಟು ಒತ್ತುವಾಗ.

ಆಯಿಯನ್ನು, ಅಂದರೆ ಅಜ್ಜಿಯನ್ನು, ಹುಡುಕುವ ದಾರಿಗಳು ಬೇರೆ ಕಡೆಗಿವೆ. ಆಹೇರಿಯ ವಹಿ, ಅಂದರೆ ಮದುವೆಯಲ್ಲಿ ಯಾರು ಏನು ಮಾಡಿದರೆಂದು ಬರೆದ ಪುಸ್ತಕದಲ್ಲಿ ತವರಿನವರ ಊರು ಇರುತ್ತದೆ. ಪಾತ್ರೆಯ ಕಂಠದ ಮೇಲೆ ಕೆತ್ತಿಸಿದ ಹೆಸರಿನಲ್ಲಿ, ಒಡಪಿನಲ್ಲಿ, ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ ಹಾಡಿನಲ್ಲಿ ತವರೂರಿನ ಹೆಸರು ನುಸುಳಿದೆ. ಇವನ್ನು ಯಾವ ಪತ್ರಾಗಾರವೂ ಇಟ್ಟುಕೊಂಡಿಲ್ಲ.

ಇನ್ನೂ ತೀರ್ಮಾನವಾಗದ್ದು

ಕಾಗದ ಮತ್ತು ಹೆಳವರ ಮಾತು ಒಂದಕ್ಕೊಂದು ತಾಳೆಯಾಗದಿದ್ದಾಗ ಯಾವುದು ಮೇಲು? ಕೋರ್ಟು ಕಾಗದವನ್ನು ಹಿಡಿಯುತ್ತದೆ, ಮದುವೆ ಮಾತುಕತೆಯಲ್ಲಿ ಹಿರಿಯರು ಬಾಯಿಮಾತನ್ನು ಹಿಡಿಯುತ್ತಾರೆ. ಒಂದೇ ಊರಿನ ಹೆಳವರ ಪುಸ್ತಕವನ್ನೂ ಆ ಊರಿನ 1903ರಿಂದಾಚೆಯ ಡೈರಿಗಳನ್ನೂ ಸಾಲು ಸಾಲಾಗಿ ಪಕ್ಕದಲ್ಲಿಟ್ಟು ಹೋಲಿಸಿದರೆ ಮಾತ್ರ ಮೌಖಿಕ ವಂಶಾವಳಿ ಎಷ್ಟು ತಲೆಮಾರಿನವರೆಗೆ ಗಟ್ಟಿ ಎಂದು ಹೇಳಬಹುದು. ತಿಕೋಟಾ ಅಥವಾ ಬಬಲೇಶ್ವರದ ಒಂದು ಹಳ್ಳಿಯನ್ನು ಹಿಡಿದು ಈ ಕೆಲಸ ಮಾಡಲು ಇಲ್ಲಿನ ವಿಶ್ವವಿದ್ಯಾಲಯದ ಒಬ್ಬ ಸಂಶೋಧನಾರ್ಥಿ ಸಾಕು.

ದಾಖಲೆ ಯಾರದು ಎಂಬುದೂ ಇತ್ಯರ್ಥವಾಗಿಲ್ಲ. 2024ರಲ್ಲಿ ಆರಂಭವಾದ ಭೂ ಸುರಕ್ಷಾ ಯೋಜನೆಯಡಿ ತಾಲೂಕು ಕಚೇರಿಗಳ ಹಳೆಯ ಭೂದಾಖಲೆಗಳ ಸ್ಕ್ಯಾನಿಂಗ್ ನಡೆದಿದೆ. ಇದು ಒಳ್ಳೆಯ ಕೆಲಸ. ಆದರೆ ಜಾತಿ, ಸಾಲ, ದತ್ತಕ, ಸೋಡಚೀಟಿ (ಮದುವೆ ಬಿಡುಗಡೆಯ ಪತ್ರ) ಇರುವ ಕಾಗದ ಯಾರ ಮುಂದೆ, ಎಷ್ಟು ವರ್ಷದ ನಂತರ ತೆರೆಯಬೇಕು? ಇಂಗ್ಲೆಂಡಿನ ನೂರು ವರ್ಷದ ನಿಯಮ ಜಾತಿಯ ಊರಿಗೆ ಹೊಂದುತ್ತದೆಯೇ? ಸ್ಕ್ಯಾನ್ ಆದ ಮೋಡಿ ಹಾಳೆಯನ್ನು ಓದುವವರು ಯಾರು? ಹೆಳವರು ತಲೆಮಾರುಗಳಿಂದ ಕಾದ ಪುಸ್ತಕವನ್ನು ಫೋಟೋ ತೆಗೆದುಕೊಂಡವರು ಅವರಿಗೆ ಕೊಡಬೇಕಾದದ್ದೇನು? ಅವರ ಮಕ್ಕಳು ಎತ್ತನ್ನು ಬಿಟ್ಟು ಬೇರೆ ಕೆಲಸ ಹಿಡಿಯುತ್ತಿದ್ದಾರೆ. ಹಿಡಿಯಬೇಕಾದದ್ದೂ ಸರಿ. ಪುಸ್ತಕದ ಗತಿಯೇನು?

ಇವಕ್ಕೆಲ್ಲ ಉತ್ತರ ಬರುವವರೆಗೆ ಕಾಯದ ಕೆಲಸವೊಂದಿದೆ. ಈ ಸುಗ್ಗಿಗೆ ಹೆಳವ ಬಂದರೆ ಅವಸರದಲ್ಲಿ ಹತ್ತು ರೂಪಾಯಿ ಕೊಟ್ಟು ಕಳಿಸಬೇಡಿ. ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಟ್ಟು, ಪೂರ್ತಿ ಕೇಳಿ, ಅವನ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿ ತುಂಬಿಕೊಳ್ಳಿ. ಅವನು ಹೋದ ಮೇಲೆ ಮನೆಯಲ್ಲಿ ಅತಿ ಹಿರಿಯ ಹೆಂಗಸಿನ ಪಕ್ಕದಲ್ಲಿ ಕೂತು ಅವಳ ಅವ್ವನ ಹೆಸರು, ಆ ಅವ್ವನ ತವರೂರು ಕೇಳಿ ಬರೆದುಕೊಳ್ಳಿ.